ಇರಬಹುದಪ್ಪ

"ಆಂಟಿ, ನಿಮಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆಯಲ್ಲ, ಅದಕ್ಕೇ ಹಾಗನ್ನಿಸುತ್ತೆ."

"ಇರಬಹುದಪ್ಪ."

ಈ ವಾರ ಪೂರ್ತಿ ಈ ಎರಡು ಮಾತು ನನ್ನನ್ನು ಬಿಟ್ಟಿಲ್ಲ. ಅಡುಗೆ ಮಾಡುವಾಗ, ಮೆಟ್ರೋದಲ್ಲಿ ನಿಂತಿರುವಾಗ, ರಾತ್ರಿ ದೀಪ ಆರಿಸಿದ ಮೇಲೆ ಮತ್ತೆ ಮತ್ತೆ ಕೇಳಿಸುತ್ತವೆ. ಮೊದಲನೆಯದಕ್ಕಿಂತ ಎರಡನೆಯದೇ ಹೆಚ್ಚು ನೋಯಿಸುತ್ತದೆ. ಅತ್ತೆ, ಅಂದರೆ ನನ್ನ ತಂದೆಯ ಅಕ್ಕ, ಮೈಸೂರಿನಲ್ಲಿ ಜೀವಮಾನವೆಲ್ಲ ವೀಣೆ ಪಾಠ ಹೇಳಿದವರು. ಹಜಾರದಲ್ಲಿ ಕೂತ ಶಿಷ್ಯೆಯ ನಿಷಾದ ಒಂದೆಳೆ ಇಳಿದರೂ ಅಡುಗೆಮನೆಯಿಂದಲೇ "ಇನ್ನೊಂದ್ಸಲ ಹಿಡಿ" ಅನ್ನುತ್ತಿದ್ದವರು. ಅಂಥವರು ತಮ್ಮ ಕಣ್ಣಿಗೆ ಕಂಡದ್ದನ್ನು ಇಷ್ಟು ಸುಲಭವಾಗಿ ಬಿಟ್ಟುಕೊಟ್ಟರಲ್ಲ ಎಂಬುದೇ ನನ್ನ ಸಂಕಟ.

ನಾವು ಹೋಗಿದ್ದು ಪ್ಯಾರಿಸ್ಸಿನ ಮಾರ್ಮೊತ್ತಾನ್ ಮೋನೆ ಮ್ಯೂಸಿಯಮ್ಮಿಗೆ. ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆಯ 'ಇಂಪ್ರೆಷನ್, ಸೂರ್ಯೋದಯ' ಇರುವುದು ಅಲ್ಲಿಯೇ. ಇಂಪ್ರೆಷನಿಸಂ ಎಂಬ ಒಂದು ಇಡೀ ಕಲಾಪಂಥಕ್ಕೆ ಹೆಸರು ಕೊಟ್ಟ ಚಿತ್ರ ಅಂದರೆ ಗೋಡೆ ತುಂಬ ಇರುತ್ತದೆ ಅಂದುಕೊಂಡು ಹೋಗುವವರೇ ಹೆಚ್ಚು. ಅದು 48 ಸೆಂಟಿಮೀಟರ್ ಎತ್ತರ, 63 ಸೆಂಟಿಮೀಟರ್ ಅಗಲ, ಅಷ್ಟೆ. ಅತ್ತೆ ಅದರ ಮುಂದೆ ನಿಂತರು. ಬೂದು ನೀಲಿ ಮಂಜಿನಲ್ಲಿ ಲ ಹಾವ್ರ್ ಬಂದರು. ಹಿಂದೆ ಹಡಗುಗಳ ಕಂಬ, ಕ್ರೇನು, ಹೊಗೆ. ಎಲ್ಲವೂ ಇದ್ದೂ ಇಲ್ಲದ ಹಾಗೆ. ಮುಂದೆ ಒಂದು ಚಿಕ್ಕ ದೋಣಿ, ಅದರಲ್ಲಿ ನಿಂತ ಮನುಷ್ಯ. ಅದಷ್ಟೇ ಕಪ್ಪಗೆ ಗಟ್ಟಿಯಾಗಿ ಕಾಣುವುದು. ಮೇಲೆ ಕಿತ್ತಳೆ ಬಣ್ಣದ ಸೂರ್ಯ, ಒಂದು ನಾಣ್ಯದಷ್ಟು. ಅದರ ಕೆಳಗೆ ನೀರಿನ ಮೇಲೆ ಅಡ್ಡಡ್ಡ ಎಳೆದ ಕಿತ್ತಳೆ ಗೀಟುಗಳು. ಹತ್ತಿರ ಹೋಗಿ ನೋಡಿದರೆ ಬ್ರಷ್ಷು ಎಲ್ಲಿ ಊರಿತು, ಎಲ್ಲಿ ಎತ್ತಿತು ಎಂಬುದು ಗೊತ್ತಾಗುತ್ತದೆ.

ಅತ್ತೆ ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಮುಚ್ಚಿ ನೋಡಿದರು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಹೇಳಿದರು: "ಈ ಸೂರ್ಯ ನಿಂತ ಕಡೆ ನಿಲ್ತಿಲ್ಲ ಕಣೇ. ಅಲ್ಲಾಡ್ತಾ ಇದಾನೆ."

ಆಗ ಬಂತು ಆ ಮಾತು.

ಹೇಳಿದವರು ನಮ್ಮ ಜೊತೆ ಬಂದಿದ್ದ ಪರಿಚಯದವರೊಬ್ಬರು, ಕೆಟ್ಟವರಲ್ಲ. ಟಿಕೆಟ್ ತೆಗೆದವರು ಅವರೇ, ಅತ್ತೆಯ ಕೋಟು ಹಿಡಿದುಕೊಂಡವರು ಅವರೇ. ಆದರೆ ಎಲ್ಲಿ ಹೋದರೂ ಮೊದಲು ಗೋಡೆಯ ಮೇಲಿನ ಚೀಟಿ ಓದಿ, ಆಡಿಯೋ ಗೈಡ್ ಹೇಳಿದ್ದನ್ನು ಕೇಳಿ, ಆಮೇಲೆ ಚಿತ್ರದತ್ತ ಒಮ್ಮೆ ತಲೆ ಎತ್ತಿ ಮುಂದಿನ ಕೋಣೆಗೆ ನಡೆಯುವ ಜಾತಿ. ಅಂಥವರಿಗೆ ಚೀಟಿಯಲ್ಲಿ ಇಲ್ಲದ್ದು ಯಾರಿಗಾದರೂ ಕಂಡರೆ ಅದು ನೋಡಿದವರ ದೋಷ. ಎಪ್ಪತ್ತು ದಾಟಿದ ಹೆಂಗಸಿಗೆ ಕಂಡರಂತೂ ಕೇಳುವುದೇ ಬೇಡ.

ಅತ್ತೆ ಹೇಳಿದ್ದು ಅಕ್ಷರಶಃ ನಿಜ. ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಈ ಸೂರ್ಯನ ಬಗ್ಗೆಯೇ ಬರೆದಿದ್ದಾರೆ. ನಮ್ಮ ಮಿದುಳಿನಲ್ಲಿ ಬಣ್ಣವನ್ನು ಗುರುತಿಸುವ ದಾರಿ ಬೇರೆ. ಒಂದು ವಸ್ತು ಎಲ್ಲಿದೆ, ಚಲಿಸುತ್ತಿದೆಯೇ ಎಂದು ಹೇಳುವ ದಾರಿ ಬೇರೆ. ಎರಡನೆಯದಕ್ಕೆ ಬಣ್ಣ ತಿಳಿಯುವುದಿಲ್ಲ, ಬೆಳಕು ಎಷ್ಟು ಎನ್ನುವುದಷ್ಟೇ ತಿಳಿಯುತ್ತದೆ. ಮೋನೆ ತನ್ನ ಸೂರ್ಯನಿಗೆ ಸುತ್ತಲಿನ ಮೋಡದಷ್ಟೇ ಬೆಳಕು ಕೊಟ್ಟಿದ್ದಾನೆ, ಹೆಚ್ಚಿಲ್ಲ. ಹಾಗಾಗಿ ಒಂದು ದಾರಿ "ಇಲ್ಲಿ ಕೆಂಡದಂಥ ಸೂರ್ಯ ಇದಾನೆ" ಅನ್ನುತ್ತದೆ, ಇನ್ನೊಂದು "ಇಲ್ಲಿ ಏನೂ ಇಲ್ಲ" ಅನ್ನುತ್ತದೆ. ಆ ಜಗಳದಲ್ಲಿ ಸೂರ್ಯ ತುಡಿಯುತ್ತಾನೆ. ಅಂದು ಸಂಜೆ ಫೋನಿನಲ್ಲಿದ್ದ ಚಿತ್ರವನ್ನು ಕಪ್ಪುಬಿಳುಪು ಮಾಡಿ ನೋಡಿದೆ. ದೋಣಿ ಇದೆ, ಕ್ರೇನುಗಳ ನೆರಳಿದೆ, ಸೂರ್ಯ ಮಾತ್ರ ಹೆಚ್ಚುಕಡಿಮೆ ಮಾಯ. ಯಾರು ಬೇಕಾದರೂ ಮಾಡಿ ನೋಡಬಹುದು, ಒಂದು ನಿಮಿಷದ ಕೆಲಸ.

ಇನ್ನೂ ಒಂದು ಮಾತಿದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿಯನ್ನು ತಡೆಯುತ್ತದೆ. ಆಪರೇಷನ್ ಮಾಡಿ ಅದನ್ನು ತೆಗೆದು ಹೊಸ ಮಸೂರ ಇಟ್ಟ ಮೇಲೆ ನೀಲಿ ತಿಳಿಯಾಗಿ ಬರುತ್ತದೆ. ಆ ಬೂದುನೀಲಿ ಚಿತ್ರವನ್ನು ನೋಡಲು ನಮ್ಮಲ್ಲಿ ಅತ್ತೆಯ ಕಣ್ಣಿಗಿಂತ ಯೋಗ್ಯವಾದ ಕಣ್ಣು ಬೇರೆ ಇರಲಿಲ್ಲ.

ಇಂಪ್ರೆಷನಿಸಂನ ಕಥೆ ಶುರುವಾಗುವುದೂ ಇದೇ ಮಾತಿನಿಂದ: ನಿನ್ನ ಕಣ್ಣು ಸರಿಯಿಲ್ಲ. 1874ರ ಏಪ್ರಿಲ್ 15ರಂದು ಫೋಟೋಗ್ರಾಫರ್ ನಾದಾರ್‌ನ ಹಳೇ ಸ್ಟುಡಿಯೋದಲ್ಲಿ, ಬುಲ್ವಾರ್ ದೆ ಕಾಪುಸೀನ್‌ನಲ್ಲಿ, ಮೋನೆ, ರೆನ್ವಾರ್, ಪಿಸಾರೋ, ದೆಗಾ, ಬೆರ್ತ್ ಮೊರಿಸೋ, ಸೆಜಾನ್ ಮತ್ತಿತರರು ಸಲೋನ್ ಎಂಬ ಸರ್ಕಾರಿ ಕಲಾಪ್ರದರ್ಶನದ ಹಂಗು ಬಿಟ್ಟು ತಾವೇ ಪ್ರದರ್ಶನ ಇಟ್ಟರು. ಹತ್ತು ದಿನ ಕಳೆದ ಮೇಲೆ ಲೂಯಿ ಲೆರ್ವಾ ಎಂಬ ಪತ್ರಕರ್ತ ಒಂದು ಲೇವಡಿ ಬರೆದ. ಗೋಡೆಗೆ ಅಂಟಿಸುವ ಕಾಗದದ ಕರಡು ಕೂಡ ಈ ಸಮುದ್ರದ ಚಿತ್ರಕ್ಕಿಂತ ಹೆಚ್ಚು ಪೂರ್ತಿಯಾಗಿರುತ್ತದೆ ಎಂದ. ಹಂಗಿಸಲು ಇಟ್ಟ ಹೆಸರೇ ಉಳಿಯಿತು. ಮುಂದಿನ ವರ್ಷಗಳಲ್ಲಿ ಈ ಚಿತ್ರಕಾರರಿಗೆ ಕಣ್ಣಿನ ರೋಗವಿದೆ, ಅದಕ್ಕೇ ಎಲ್ಲವೂ ನೀಲಿಯಾಗಿ ಕಾಣುತ್ತದೆ ಎಂದು ಗಂಭೀರವಾಗಿ ಬರೆದವರೂ ಇದ್ದರು. ಆಪರೇಷನ್ ಆಗಿದೆಯಲ್ಲ ಆಂಟಿ ಅಂದರಲ್ಲ, ಆ ದನಿಯೂ ಇದೇ.

ಹಿಮದ ಮೇಲೆ ಬಿದ್ದ ನೆರಳು ನೀಲಿ. ಆಕಾಶ ಮೇಲಿರುವಾಗ ಬೇರೆ ಏನಾಗಲು ಸಾಧ್ಯ? ಆದರೆ ನೆರಳೆಂದರೆ ಕಂದು ಎಂದು ಕಲಿತವರಿಗೆ ಆ ನೀಲಿ ಕಾಣಲಿಲ್ಲ. ತಿಳಿದದ್ದನ್ನು ಪಕ್ಕಕ್ಕಿಟ್ಟು ಕಂಡದ್ದನ್ನು ಬರೆಯುವುದಕ್ಕೆ ಧೈರ್ಯ ಬೇಕು. ತಗಡಿನ ಟ್ಯೂಬಿನಲ್ಲಿ ಬಣ್ಣ ಸಿಗತೊಡಗಿದ್ದರಿಂದ ಬಯಲಿಗೆ ಹೋಗಿ ಬರೆಯುವುದು ಸುಲಭವಾಯಿತು, ರೈಲು ಬಂದದ್ದರಿಂದ ನದೀತೀರಗಳು ಹತ್ತಿರವಾದವು ಎಂದೆಲ್ಲ ಕಾರಣ ಕೊಡುತ್ತಾರೆ. ಅವೆಲ್ಲ ಸರಿ. ಟ್ಯೂಬು ಎಲ್ಲರ ಕೈಗೂ ಬಂದಿತ್ತು, ಸೂರ್ಯನನ್ನು ಮೋಡಕ್ಕಿಂತ ಬೆಳ್ಳಗೆ ಮಾಡದೆ ಬಿಡುವ ಛಾತಿ ಎಲ್ಲರಿಗೂ ಬರಲಿಲ್ಲ.

ಅದೇ ಮ್ಯೂಸಿಯಮ್ಮಿನಲ್ಲಿ ಮೋನೆಯ ಕೊನೆಗಾಲದ ಜಪಾನಿ ಸೇತುವೆಯ ಚಿತ್ರಗಳಿವೆ. ಜಿವೆರ್ನಿಯ ತನ್ನ ಕೊಳದ ಮೇಲಿನ ಸೇತುವೆ. ಆದರೆ ಸೇತುವೆ ಹುಡುಕಬೇಕು. ಎಲ್ಲವೂ ತುಕ್ಕು, ಕಂದು, ಕೆಂಪು, ಗೀಚಿದಂಥ ಹಸಿರು. 1912ರಲ್ಲಿ ಅವನಿಗೆ ಪೊರೆ ಇದೆಯೆಂದು ತಿಳಿಯಿತು. ಆಪರೇಷನ್‌ಗೆ ಹೆದರಿ ವರ್ಷಗಟ್ಟಲೆ ಮುಂದೂಡಿದ. 1923ರಲ್ಲಿ ಬಲಗಣ್ಣಿಗೆ ಮಾಡಿಸಿಕೊಂಡ. ಅತ್ತೆಗೆ ಇದು ಯಾವುದೂ ಗೊತ್ತಿರಲಿಲ್ಲ. ಚಿತ್ರದ ಮುಂದೆ ನಿಂತು, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು: "ಪೊರೆ ಇದ್ದಾಗ ನನಗೆ ಮನೆ ಮುಂದಿನ ಪಾರಿಜಾತ ಹೀಗೇ ಕಾಣ್ತಿತ್ತು. ಬಿಳಿ ಹೂವು ಅಂತ ಗೊತ್ತಿತ್ತು, ಕಾಣ್ತಿದ್ದದ್ದು ಕಂದು."

ಸುತ್ತ ಯಾರೂ ಇಲ್ಲದಾಗ ಮಾತ್ರ ಹೇಳಿದರು ಎಂಬುದನ್ನು ನಾನು ಗಮನಿಸಿದೆ. "ಇರಬಹುದಪ್ಪ" ಆದಮೇಲೆ ಮಿಕ್ಕ ಕೋಣೆಗಳಲ್ಲಿ ಅವರು ಬೇರೆಯವರೆದುರು ಬಾಯಿಬಿಡಲೇ ಇಲ್ಲ.

ರಾತ್ರಿ ಊಟವಾದ ಮೇಲೆ ಫ್ರೆಂಚ್ ಸಂಗೀತಕಾರ ಡೆಬ್ಯುಸಿಯ ಒಂದು ಪ್ರಿಲ್ಯೂಡ್, ಅಂದರೆ ಪಿಯಾನೋಗೆ ಬರೆದ ಒಂದು ಚಿಕ್ಕ ರಚನೆ, ಹಾಕಿದೆ, 'ವಾಲ್' ಅಂತ. 1909ರ ಕೊನೆಯಲ್ಲಿ ಬರೆದದ್ದು. ಹೆಸರು ಹೇಳಲಿಲ್ಲ, ಬರೆದವರು ಯಾರು ಎನ್ನಲೂ ಇಲ್ಲ. ಹಾಗೆ ಕೇಳಿಸಬೇಕೆಂದೇ ಡೆಬ್ಯುಸಿಯ ಇಷ್ಟವೂ ಇದ್ದ ಹಾಗಿದೆ. ತನ್ನ ಪ್ರಿಲ್ಯೂಡುಗಳ ಹೆಸರನ್ನು ಅವನು ಮೇಲೆ ಅಚ್ಚು ಹಾಕಿಸಲಿಲ್ಲ. ಪ್ರತಿಯೊಂದರ ಕೊನೆಯಲ್ಲಿ, ಕೆಳಗೆ, ಆವರಣದೊಳಗೆ, ಮೂರು ಚುಕ್ಕಿಯ ಜೊತೆಗೆ ಇಟ್ಟ. ಮೊದಲು ನುಡಿಸು, ಕೇಳು, ಚೀಟಿ ಆಮೇಲೆ.

ಅತ್ತೆ ಕಣ್ಣು ಮುಚ್ಚಿ ಕೂತರು. ಸ್ವರಗಳು ಜೋಡಿಜೋಡಿಯಾಗಿ ಮೇಲಿನಿಂದ ಇಳಿದು ಬರುತ್ತವೆ, ಯಾವುದರ ಮೇಲೂ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ತೀರಾ ಕೆಳಗೆ ಒಂದು ಬಿ-ಫ್ಲ್ಯಾಟ್ ಮೊಳಗುತ್ತದೆ, ಆಮೇಲೆ ಬಹುಪಾಲು ಉದ್ದಕ್ಕೂ ಅದು ಬರುತ್ತಲೇ ಇರುತ್ತದೆ. ಅತ್ತೆ ತಕ್ಷಣ ಅದನ್ನೇ ಷಡ್ಜವಾಗಿ ಹಿಡಿದು ಗುನುಗಿದರು. ಆಮೇಲೆ ಬೆರಳೆಣಿಸಿದರು.

"ಪಂಚಮ ಇಲ್ಲ. ಶುದ್ಧ ಮಧ್ಯಮವೂ ಇಲ್ಲ. ಎಲ್ಲಾ ಒಂದೇ ಅಂತರ. ಗೋಪ್ರಿಯ ರಾಗದ ಸ್ವರ ಇವು."

ಸರಿಯಾಗಿ ಹಿಡಿದಿದ್ದರು. ಪಾಶ್ಚಾತ್ಯರು ಹೋಲ್-ಟೋನ್ ಸ್ಕೇಲ್ ಅನ್ನುವುದು ಇದನ್ನೇ: ಸ, ಚತುಶ್ರುತಿ ರಿಷಭ, ಅಂತರ ಗಾಂಧಾರ, ಪ್ರತಿ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ. ಆರು ಸ್ವರ, ಆರೂ ಸಮದೂರದಲ್ಲಿ. ಯಾವ ಸ್ವರಕ್ಕೂ ಇನ್ನೊಂದರತ್ತ ವಾಲುವ ಕಾರಣವಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಒಂದು ಸ್ವರಮೇಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಇನ್ನೊಂದನ್ನು ಬೇಡುತ್ತದೆ, ಬೇಡಿದ್ದು ಬಂದಾಗ ಮನೆ ಸೇರಿದ ಸಮಾಧಾನ. ಶತಮಾನಗಳ ಕಾಲ ಅದೇ ಕಟ್ಟಡದ ಆಧಾರ. ಡೆಬ್ಯುಸಿ ಆ ಬೇಡಿಕೆಯನ್ನೇ ತೆಗೆದುಬಿಟ್ಟ. ಸ್ವರಮೇಳಗಳನ್ನು ಬಣ್ಣಗಳ ಹಾಗೆ ಒಂದರ ಪಕ್ಕ ಒಂದಿಟ್ಟ.

ನಾನು ಇನ್ನೂ ಇದನ್ನೆಲ್ಲ ಯೋಚಿಸುತ್ತಿರುವಾಗಲೇ ಅತ್ತೆ ಕಣ್ಣು ಬಿಟ್ಟು ಹೇಳಿದರು: "ಅರೆ, ಹಿಂದೋಳ!"

ಆ ಪ್ರಿಲ್ಯೂಡನ್ನು ಎಷ್ಟು ಕಾಲದಿಂದ ಕೇಳುತ್ತಾ ಬಂದಿದ್ದೇನೆ, ಇದು ನನಗೆ ಹೊಳೆದಿರಲಿಲ್ಲ. ಮಧ್ಯದಲ್ಲಿ ಒಂದು ಕಡೆ ಪಿಯಾನೋದ ಕಪ್ಪು ಕೀಲಿಗಳಷ್ಟರಲ್ಲೇ ಸಂಗೀತ ಉಕ್ಕುತ್ತದೆ. 64 ಬಾರ್‌ಗಳಲ್ಲಿ (ಬಾರ್ ಅಂದರೆ ತಾಳದ ಒಂದು ಖಂಡ) ಆರು ಬಾರ್ ಮಾತ್ರ. ಬಿ-ಫ್ಲ್ಯಾಟ್ ಷಡ್ಜವಾದರೆ ಕಪ್ಪು ಕೀಲಿಗಳು ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ. ಹಿಂದೋಳವೇ. ಷಡ್ಜ, ಧೈವತ, ನಿಷಾದ ಎರಡರಲ್ಲೂ ಒಂದೇ ಇರುವುದರಿಂದ ಎಲ್ಲಿ ದಾಟಿದ ಎಂದು ತಿಳಿಯುವ ಮೊದಲೇ ದಾಟಿರುತ್ತಾನೆ, ಹಾಗೆಯೇ ವಾಪಸ್ಸು. ಅತ್ತೆ ತಮ್ಮ ಮಾತನ್ನು ತಾವೇ ತಿದ್ದಿದರು: "ಸ್ವರ ಹಿಂದೋಳದ್ದು. ಗಮಕ ಇಲ್ಲ, ರಾಗ ಅನ್ನೋಕಾಗಲ್ಲ." 1889ರ ಪ್ಯಾರಿಸ್ ಜಾಗತಿಕ ಮೇಳದಲ್ಲಿ ಡೆಬ್ಯುಸಿ ಜಾವಾದ ಗಮೆಲಾನ್ ವಾದ್ಯವೃಂದ ಕೇಳಿ ಮರುಳಾಗಿದ್ದ. ನಮ್ಮ ಹಿಂದೋಳ ಅವನಿಗೆ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಶ್ರುತಿ ಹಿಡಿದು ಕೇಳುವ ಕಿವಿಗೆ ಅದು ಹಾಗೆ ಕಂಡಿತು, ಅದು ನಿಜ.

ಆ ಚಿತ್ರಕಾರರಿಗೆ ಆದ ಪಾಠವೇ ಡೆಬ್ಯುಸಿಗೂ ಆಗಿತ್ತು. ರೋಮ್ ಬಹುಮಾನ ಗೆದ್ದು ಅಲ್ಲಿದ್ದ ಕಾಲದಲ್ಲಿ ಬರೆದು ಕಳಿಸಿದ 'ಪ್ರಾಂತಾಂ' ನೋಡಿ ಪ್ಯಾರಿಸ್ಸಿನ ಕಲಾ ಅಕಾಡೆಮಿ ಅಸ್ಪಷ್ಟ ಇಂಪ್ರೆಷನಿಸಂ ಬಗ್ಗೆ ಎಚ್ಚರಿಕೆ ಕೊಟ್ಟಿತು. ಬೈಗುಳವಾಗಿ ಚಿತ್ರಕ್ಕೆ ಹತ್ತಿದ ಹೆಸರು ಹೀಗೆ ಬೈಗುಳವಾಗಿಯೇ ಸಂಗೀತಕ್ಕೂ ಹತ್ತಿತು. 1905ರಲ್ಲಿ 'ಲಾ ಮೆರ್', ಅಂದರೆ 'ಸಮುದ್ರ', ಮೊದಲು ನುಡಿಸಿದಾಗ ಪಿಯೆರ್ ಲಾಲೋ ಎಂಬ ವಿಮರ್ಶಕ, ನನಗೆ ಸಮುದ್ರ ಕೇಳಿಸಲೂ ಇಲ್ಲ, ಕಾಣಿಸಲೂ ಇಲ್ಲ, ಅದರ ವಾಸನೆಯೂ ಬರಲಿಲ್ಲ ಎಂದು ಬರೆದ. ಡೆಬ್ಯುಸಿಗೆ ಆ ಹೆಸರು ಕಂಡರೆ ಆಗುತ್ತಿರಲಿಲ್ಲ. 1908ರ ಒಂದು ಕಾಗದದಲ್ಲಿ, ಹಾಗೆ ಕರೆಯುವವರನ್ನು ಮೂರ್ಖರು ಎಂದೇ ಬರೆದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಒಮ್ಮೆ ಚೀಟಿ ಅಂಟಿತೆಂದರೆ ಜನ ಚೀಟಿಯನ್ನೇ ಕೇಳುತ್ತಾರೆ. ಅಷ್ಟು ಲೆಕ್ಕ ಹಾಕಿ ಕಟ್ಟಿದ್ದನ್ನು ಮಂಜು, ಮಬ್ಬು, ಕನಸು ಎಂದು ಮುಗಿಸಿಬಿಡುತ್ತಾರೆ.

ಸಂಗೀತ ಮುಗಿದ ಮೇಲೆ ಫೋನಿನಲ್ಲಿದ್ದ ಕಪ್ಪುಬಿಳುಪು ಚಿತ್ರ ತೋರಿಸಿ ಸೂರ್ಯನ ವಿಷಯ ಹೇಳಿದೆ. ನೀವು ಕಂಡದ್ದೇ ಸರಿ ಅತ್ತೆ ಅಂದೆ. ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಅವರ ಗಮನ ಅದರ ಮೇಲಿರಲೇ ಇಲ್ಲ. ಕನ್ನಡಕ ಏರಿಸಿಕೊಂಡು ದೋಣಿಯ ಮೇಲೆ ಬೆರಳಿಟ್ಟರು.

"ಇದು ನೋಡು, ಬಣ್ಣ ಹೋದ್ರೂ ಇದು ಹೋಗಿಲ್ಲ. ಇದು ಗಟ್ಟಿಯಾಗಿ ನಿಂತಿರೋದಕ್ಕೇ ಅವನು ಅಲ್ಲಾಡೋದು ಗೊತ್ತಾಗೋದು. ಈಗ ಕೇಳಿಸಿದ್ಯಲ್ಲ, ಅದರಲ್ಲಿ ಕೆಳಗಡೆ ಷಡ್ಜ ಇತ್ತಲ್ಲ, ಅದೇ ಈ ದೋಣಿ."

ಚಿತ್ರಕ್ಕೂ ಸಂಗೀತಕ್ಕೂ ಇರುವ ನಂಟಿನ ಬಗ್ಗೆ ನಾನು ಓದಿದ್ದೆಲ್ಲ ವಾತಾವರಣ, ಅಲೆ, ಬೆಳಕು ಎಂಬ ಹಾರುಮಾತು. ಅತ್ತೆ ಹೇಳಿದ್ದು ಕಟ್ಟುವ ಕೆಲಸದ ಮಾತು. ಎಲ್ಲವನ್ನೂ ಸಡಿಲ ಬಿಡಬೇಕಾದರೆ ಒಂದನ್ನು ಎಲ್ಲಿ ಬಿಗಿಯಬೇಕು ಎಂಬ ಲೆಕ್ಕ. ತಂಬೂರಿಯ ಮುಂದೆ ಒಂದು ಜೀವಮಾನ ಕೂತವರಿಗೆ ಅದು ಹೊಳೆಯದೆ ಇನ್ಯಾರಿಗೆ ಹೊಳೆಯಬೇಕು? ಅಂಥವರನ್ನು "ಆಪರೇಷನ್ ಆಗಿದೆಯಲ್ಲ" ಎಂದು ಸುಮ್ಮನಾಗಿಸಿದ್ದು ನನಗೆ ಈಗಲೂ ಉರಿಯುತ್ತದೆ. ನಮ್ಮ ಮನೆಗಳಲ್ಲಿ ಎಷ್ಟು ಜನ ಹೆಂಗಸರು ಹೀಗೆ ಕಂಡದ್ದನ್ನು, ಕೇಳಿದ್ದನ್ನು ಒಂದು "ಇರಬಹುದಪ್ಪ" ಅಂದು ನುಂಗಿಕೊಂಡಿದ್ದಾರೋ.

ಮುಂದಿನ ವಾರ ಪ್ಯಾರಿಸ್ಸಿನದೇ ಒರಾಂಜರಿ ಮ್ಯೂಸಿಯಮ್ಮಿಗೆ ಹೋಗುವುದಿದೆ. ಮೋನೆ ಸಾಯುವವರೆಗೂ ತಿದ್ದುತ್ತಲೇ ಇದ್ದ ನೈದಿಲೆಯ ಚಿತ್ರಗಳು ಅಲ್ಲಿ ಎರಡು ಮೊಟ್ಟೆಯಾಕಾರದ ಕೋಣೆಗಳಲ್ಲಿ ಗೋಡೆ ಸುತ್ತ ಹಬ್ಬಿವೆ, ಎರಡು ಮೀಟರ್ ಎತ್ತರಕ್ಕೆ. ಆ ಪರಿಚಯದವರೂ ಬರುತ್ತೇನೆ ಅಂದಿದ್ದಾರೆ. ಬರಲಿ. ಅತ್ತೆಯನ್ನು ನಾನು ಬಾಗಿಲ ಬಳಿಯ ಚೀಟಿಯ ಹತ್ತಿರ ನಿಲ್ಲಿಸದೆ ನೇರ ನಡುವಿನ ಬೆಂಚಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ದಿಗಂತವಿಲ್ಲ, ದೋಣಿಯಿಲ್ಲ. ಎಷ್ಟೋ ಕಡೆ ದಡವೂ ಇಲ್ಲ, ಬರೀ ನೀರು. ಅಲ್ಲಿ ಷಡ್ಜವನ್ನು ಎಲ್ಲಿ ಹಿಡಿಯುತ್ತಾರೋ ಕೇಳಬೇಕು.