ಫಗದ ನಕ್ಷೆಗೆ ಬರಿಗೈಯ ಲೆಕ್ಕವೂ ಬೇಕು

ಕುವೈತಿನಲ್ಲಿರುವ ನಮ್ಮ ಭಾವ ಫೆಬ್ರುವರಿಯಲ್ಲಿ ಕಳುಹಿಸಿದ ಫೋಟೊ ನೋಡಿ, ಬೆಲೆ ಕೇಳಿ, ಸಿಂಧನೂರಿನ ಮನೆಯಲ್ಲಿ ಅವ್ವ ‘ಆಲೂಗಡ್ಡಿಗೆ ಇಷ್ಟು ರೊಕ್ಕ ಕೊಡ್ತಾರೇನು?’ ಎಂದಳು. ಅದು ಅಲ್ಲಿಯವರು ಫಗ ಎಂದು ಕರೆಯುವ, ಮಣ್ಣೊಳಗೇ ಬಲಿಯುವ ಕಾಡು ಅಣಬೆ, ಅಂದರೆ ಮರುಭೂಮಿಯ ಟ್ರಫಲ್. ಬಿಳಿಯದು ಜುಬೈದಿ, ಕೆಂಗಂದು ಬಣ್ಣದ್ದು ಖಲಾಸಿ.

ಹೀಲಿಯಾಂಥಿಮಮ್ ಎಂಬ ಮೊಣಕಾಲೆತ್ತರವೂ ಬೆಳೆಯದ ಹಳದಿ ಹೂವಿನ ಗಿಡದ ಬೇರಿಗೆ ಈ ಶಿಲೀಂಧ್ರ ಕೂಡಿಕೊಂಡಿರುತ್ತದೆಯಾದ್ದರಿಂದ, ಹುಡುಕುವವರು ಮೊದಲು ಗಿಡವನ್ನು ಗುರುತಿಸಿ, ಅದರ ಸುತ್ತ ನೆಲ ತುಸು ಉಬ್ಬಿ ಬಿರಿದ ಜಾಗವನ್ನು ಕೋಲಿನಿಂದ ಮೆಲ್ಲಗೆ ಕೆದಕುತ್ತಾರೆ. ನಮ್ಮ ಎರೆ ಹೊಲ ಬಿರಿಯುವುದು ಹಸಿ ಆರಿದಾಗ. ಅಲ್ಲಿನ ಬಿರುಕು ಒಳಗಿನ ಅಣಬೆ ಬಲಿತು ಮೂಡಿದ್ದು, ಮಳೆ ಸಕಾಲಕ್ಕೆ ಬಿದ್ದಿತ್ತೆಂಬುದರ ಗುರುತು. ಆ ಮಳೆಗಾಲಕ್ಕೆ ವಸ್ಮ್ ಎಂದು ಹೆಸರು. ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದವರೆಗೆ. ಅವರೂ ನಕ್ಷತ್ರ ಹಿಡಿದೇ ಮಳೆ ಎಣಿಸುತ್ತಾರೆ, ಅವರ ಸಿಮಾಕ್ ನಮ್ಮ ಚಿತ್ತೆಯೇ.

ಮೊರಾಕ್ಕೊದಿಂದ ಇರಾನಿನವರೆಗೆ, ಇತ್ತ ಸ್ಪೇನಿನಲ್ಲಿ, ದೂರದ ಆಫ್ರಿಕಾ ದಕ್ಷಿಣದ ಕಲಹರಿ ಮರುಭೂಮಿಯಲ್ಲಿ ಇಂಥ ಅಣಬೆಗಳು ಸಿಗುತ್ತವೆ. ಆದರೆ ಸಿಕ್ಕ ಕಡೆಯೆಲ್ಲ ಚುಕ್ಕೆಯಿಟ್ಟ ನಕ್ಷೆಯನ್ನು ನಾನು ಪೂರ್ತಿ ನಂಬಲಾರೆ, ಏಕೆಂದರೆ ಅದು ಅಣಬೆಯ ಹರವಿಗಿಂತ ಹೆಚ್ಚಾಗಿ ಜನರ ಗಾಡಿ ಹೋದ ದಾರಿಯನ್ನೇ ತೋರಿಸಬಹುದು. ಹೊಲದ ಒಂದು ಚೌಕ ಕೊಯ್ದು ತೂಗಿ ಇಳುವರಿ ಅಂದಾಜಿಸುವ ಬೆಳೆ ಕಟಾವು ಪ್ರಯೋಗಕ್ಕೆ ನಿಂತವರಿಗೆ ಇದು ಹೊಸ ಮಾತಲ್ಲ: ತೆನೆ ತುಂಬಿದ ಹೊಲವನ್ನೇ ಆರಿಸಿ ಐದು ಮೀಟರ್ ಚೌಕ ಹಾಕಿದರೆ ಹೋಬಳಿಯ ಇಳುವರಿ ಸುಳ್ಳಾಗುತ್ತದೆ, ಚೀಟಿ ಎತ್ತಿದಂತೆ ಬಂದ ಸರ್ವೆ ನಂಬರಿನಲ್ಲಿ ಜೋಳ ಒಣಗಿದ್ದರೂ ಅದನ್ನೇ ಕೊಯ್ದು ತೂಗಬೇಕು. ಫಗಕ್ಕೂ ಹಾಗೆಯೇ ಚೌಕಗಳನ್ನು ಮೊದಲೇ ಗೊತ್ತುಮಾಡಿ, ಗಿಡಗಳ ಎಣಿಕೆ, ಸಿಕ್ಕ ತೂಕ, ಹುಡುಕಿದ ಗಂಟೆ, ಏನೂ ಸಿಗದಿದ್ದರೆ ಸೊನ್ನೆ ಎಂದು ಬರೆಯಬೇಕು.

ಆ ಸೊನ್ನೆಯನ್ನು ಒಂದೇ ವರ್ಷ ನೋಡಿ ‘ಇಲ್ಲಿಲ್ಲ’ ಎಂದು ತೀರ್ಮಾನಿಸುವಂತೆಯೂ ಇಲ್ಲ. ವಸ್ಮ್ ಕೈಕೊಟ್ಟ ವರ್ಷ ಗಡ್ಡೆ ಕಟ್ಟದಿದ್ದರೂ ಶಿಲೀಂಧ್ರ ಮಣ್ಣಿನಲ್ಲಿ ಉಳಿದಿರಬಹುದು. ಆದ್ದರಿಂದ ಸುಣ್ಣದಂಶದ ಮರಳು ನೆಲ ಮತ್ತು ಗಿಡ ಇರುವ ಜಾಗದ್ದೊಂದು ನಕ್ಷೆ, ಅದರ ಮೇಲೆ ವರ್ಷವರ್ಷದ ಮಳೆ ಮತ್ತು ಇಳುವರಿಯದು ಬೇರೊಂದು, ಹೀಗೆ ಎರಡನ್ನೂ ಪ್ರತ್ಯೇಕವಾಗಿ ಇಡುವುದು ಲೇಸು.

ಇದನ್ನೆಲ್ಲ ಭಾವನಿಗೆ ಫೋನಿನಲ್ಲಿ ವಿವರಿಸಿ, ಬರಿಗೈಯಲ್ಲಿ ಮರಳಿದವರ ಜಾಗವನ್ನೂ ಕೇಳಿ ಕಳುಹಿಸಿರಿ ಎಂದೆ. ‘ಸಿಕ್ಕ ಜಾಗ ಹೇಳೋದಿಲ್ಲ ಅಂದ್ರ ಸರಿ, ಸಿಗದ ಜಾಗಾನೂ ಹೇಳವಲ್ರು, ಮುಂದಿನ ವರ್ಷ ಅಲ್ಲೇ ಸಿಕ್ಕರ ಏನ್ ಮಾಡೋದು ಅಂತಾರ’ ಎಂದರು.