ಸೋಮವಾರದ ನೀಲಿ ಮಾತ್ರೆ

ಚಳ್ಳಕೆರೆ ಕಡೆಯ ನಮ್ಮ ಪ್ರೌಢಶಾಲೆಯಲ್ಲಿ ಸೋಮವಾರ ಬಿಸಿಯೂಟ ಮುಗಿದ ಮೇಲೆ ನೀಲಿ ಮಾತ್ರೆ ಹಂಚುತ್ತಿದ್ದರು. ರಕ್ತಹೀನತೆ ತಡೆಯಲು ಕೊಡುವ ಕಬ್ಬಿಣಾಂಶ, ಫೋಲಿಕ್ ಆಮ್ಲದ ಮಾತ್ರೆ. ಆಗ ಕಬ್ಬಿಣ 100 ಮಿಲಿಗ್ರಾಂ ಇರುತ್ತಿತ್ತು, ಈಗಿನದರಲ್ಲಿ 60. ನುಂಗಿದಂತೆ ಮಾಡಿ ಕಿಟಕಿಯಾಚೆ ಎಸೆಯುವವರು ಕಡಿಮೆಯೇನಿರಲಿಲ್ಲ. ಕಾರಣವೂ ಇತ್ತು. ಸೋಮವಾರ ಉಪವಾಸ ಮಾಡುವವರಿಗೆ ಖಾಲಿ ಹೊಟ್ಟೆಯಲ್ಲಿ ವಾಂತಿ ಬರುತ್ತಿತ್ತು. ಉಳಿದವರು ಮರುದಿನ ಮಲ ಕಪ್ಪಗಾದದ್ದು ಕಂಡು ಹೆದರುತ್ತಿದ್ದರು.

ಆರೋಗ್ಯ ಕೇಂದ್ರದ ಸಿಸ್ಟರ್ ಬಂದು ಬಿಡಿಸಿ ಹೇಳಿದ ಮೇಲೆ ಎಸೆಯುವುದು ನಿಂತಿತು. ಮೈಗೆ ಹತ್ತದೆ ಉಳಿದ ಕಬ್ಬಿಣ ಮಲವನ್ನು ಕಪ್ಪಾಗಿಸುತ್ತದೆ, ಅದರಿಂದ ತೊಂದರೆಯಿಲ್ಲ. ಉಪವಾಸವಿದ್ದರೆ ಮಂಗಳವಾರ ಊಟ ಮಾಡಿ ನುಂಗಿ. ಮಾತ್ರೆಗೆ ಮುಂಚೆ, ಆಮೇಲೆ ಒಂದೊಂದು ಗಂಟೆ ಟೀ ಬೇಡ; ಟೀಯ ಒಗರು ಕಬ್ಬಿಣವನ್ನು ರಕ್ತಕ್ಕೆ ಸೇರಗೊಡದು. ಮುದ್ದೆಯ ಜೊತೆಗಿನ ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣವೂ ದಕ್ಕುತ್ತದೆ. ಆರು ತಿಂಗಳಿಗೊಮ್ಮೆ ಜಂತುಹುಳುವಿಗೆ 400 ಮಿಲಿಗ್ರಾಂ ಅಲ್ಬೆಂಡಜೋಲ್ ಮಾತ್ರೆ ಅಗಿದು ನುಂಗಬೇಕು. ಕೊಕ್ಕೆಹುಳು ಕರುಳಲ್ಲಿ ರಕ್ತ ಹೀರುತ್ತಿದ್ದರೆ ಮಾತ್ರೆ ತಿಂದೂ ಫಲ ಕಡಿಮೆ. ರಕ್ತದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ವಾರದ ಮಾತ್ರೆ ಸಾಲದು, ದಿನವೂ ಚಿಕಿತ್ಸೆ ಬೇಕು.

ಮುಟ್ಟಿನ ತಾರೀಖನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗುರುತು ಹಾಕಲು ಕಲಿಸಿದ್ದೂ ಅವರೇ. ಮೊದಲ ಒಂದೆರಡು ವರ್ಷ 21ರಿಂದ 45 ದಿನದೊಳಗೆ ಹಿಂದೆಮುಂದೆ ಆಗುವುದು ಸಹಜ. ರಕ್ತಸ್ರಾವ ಏಳು ದಿನ ದಾಟಿದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ, 15 ತುಂಬಿದರೂ ಮೈನೆರೆಯದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಬಟ್ಟೆ ಬಳಸುವವರು ತಣ್ಣೀರಲ್ಲಿ ನೆನೆಸಿ, ಸೋಪು ಹಾಕಿ ಒಗೆಯಬೇಕು. ಬಿಸಿನೀರಿಗೆ ಕಲೆ ಕಚ್ಚಿಕೊಳ್ಳುತ್ತದೆ. ಸೀರೆಯ ಅಡಿಯಲ್ಲಿ ಮರೆಮಾಡಿ ಒಣಹಾಕಿದ್ದು ತೇವವಾಗಿಯೇ ಉಳಿದು ತೊಡೆಸಂದಿಯಲ್ಲಿ ತುರಿಕೆ, ಗಂಧೆ ತರುತ್ತದೆ. ಬಿಸಿಲಿಗೆ ಬರವಿಲ್ಲದ ಜಿಲ್ಲೆಯಲ್ಲಿ ಹುಡುಗಿಯರು ಬರೀ ನಾಚಿಕೆಯಿಂದ ಈ ಕಾಯಿಲೆ ಅನುಭವಿಸುವುದು ನನಗೆ ಈಗಲೂ ಸಂಕಟದ ವಿಷಯ.

ಹಟ್ಟಿಗಳಿಂದ ಬರುತ್ತಿದ್ದ ಗೆಳತಿಯರಲ್ಲಿ ಕೆಲವರು ಮುಟ್ಟಾದರೆ ಊರಾಚೆ ಗುಡಿಸಲಲ್ಲಿರಬೇಕಿತ್ತು. ಅಲ್ಲಿ ನೀರಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ, ಶಾಲೆಯೂ ತಪ್ಪುತ್ತಿತ್ತು. ಒತ್ತಾಯದಿಂದ ಹೀಗೆ ಹೊರಗಿಡುವುದು ಈಗ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ.

ಈಗ ಓದುತ್ತಿರುವ ತಂಗಿಯರೇ, ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ 10ರಿಂದ 19 ವಯಸ್ಸಿನವರಿಗಾಗಿಯೇ ಇದೆ. ಮುಟ್ಟು, ಬಿಳಿಸೆರಗು, ಮೈಯ ಬದಲಾವಣೆ, ಏನನ್ನಾದರೂ ಕೇಳಿ, ಹಣ ಕೊಡಬೇಕಿಲ್ಲ. 18 ತುಂಬುವ ಮೊದಲೇ ಯಾರ ಮದುವೆಗಾದರೂ ಮಾತುಕತೆ ನಡೆದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.