ಮುಂದೇನು ಅಂತ ಗೊತ್ತಿಲ್ಲದಾಗ ದೇವರಲ್ಲಿ ನಂಬೋದು ಏನನ್ನ?

ಈ ಪ್ರಶ್ನೆ ನನಗೆ ಎರಡು ಕಡೆಯಿಂದ ಬರುತ್ತದೆ. ಅಂಗಡಿಗೆ ಬರುವ ಸ್ನೇಹಿತರು "ನಿಮಗೇನು ಬಿಡಿ ಮಾರಾಯ್ರೆ, ಯೇಸು ನೋಡ್ಕೋತಾನೆ" ಅಂತ ಅರ್ಧ ತಮಾಷೆಗೆ ಹೇಳುತ್ತಾರೆ. ನಮ್ಮ ಚರ್ಚಿನ ಹುಡುಗರು ಕೇಳುವಾಗ ಮಾತ್ರ ತಮಾಷೆ ಇರುವುದಿಲ್ಲ. ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗಿ, ಕೆಲಸ ನಿಲ್ಲದೆ ವಾಪಸ್ ಬಂದವರು. ಭಾನುವಾರ ಪೂಜೆ ಮುಗಿದ ಮೇಲೆ ಬೈಕಿಗೆ ಒರಗಿಕೊಂಡು ಕೇಳುತ್ತಾರೆ: "ಅಂಕಲ್, ಮುಂದೆ ಏನಾಗುತ್ತೆ ಅಂತಾನೇ ಗೊತ್ತಿಲ್ಲ. ದೇವರನ್ನ ನಂಬು ಅಂದ್ರೆ ಏನನ್ನ ನಂಬೋದು?"

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಸಾಗರದಲ್ಲಿ ಪತ್ರ ಬರಹಗಾರ ನಾನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುವುದು, ಪಕ್ಕದಲ್ಲಿ ಒಂದು ಜೆರಾಕ್ಸ್ ಮೆಷಿನ್. 2023ರಲ್ಲಿ ನೋಂದಣಿಗೆ ಕಾವೇರಿ 2.0 ಬಂತು. ಈಗ ಜನ ಮನೆಯಲ್ಲೇ ಕೂತು ಕಾಗದ ಅಪ್‌ಲೋಡ್ ಮಾಡಬಹುದು. ಜನರಿಗೆ ಒಳ್ಳೆಯದೇ. ನನ್ನಂಥವನ ಕೆಲಸ ಇನ್ನೆಷ್ಟು ವರ್ಷವೋ. ಹೊಸನಗರದ ಕಡೆ ಎರಡು ಎಕರೆ ಅಡಿಕೆ ತೋಟ ಇದೆ, ಅಮ್ಮ ಅಲ್ಲೇ ಇರುತ್ತಾರೆ. ಅದಕ್ಕೆ ಎಲೆಚುಕ್ಕೆ ರೋಗ ಹತ್ತಿದೆ. ಔಷಧಿ ಹೊಡೆಸುತ್ತೇವೆ, ರೋಗದ ಸೋಗೆ ಕಡಿದು ಸುಡುತ್ತೇವೆ. ಮತ್ತೆ ಮಳೆ ಹಿಡಿದರೆ ಮತ್ತೆ ಹಳದಿ ಚುಕ್ಕೆ.

ಹಾಗಾಗಿ, ಇಲ್ಲ, ನಾನು ನಿಶ್ಚಿಂತನಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಜಪಸರ ಹಿಡಿದುಕೊಳ್ಳುತ್ತೇನೆ. ಐದನೇ ಮಣಿಗೆ ಸೊಸೈಟಿ ಬಡ್ಡಿ ನೆನಪಾಗುತ್ತದೆ, ಎಂಟನೇ ಮಣಿಗೆ ಮಗಳ ಕಾಲೇಜು ಫೀಸು. ಹತ್ತಕ್ಕೆ ಬರುವಷ್ಟರಲ್ಲಿ ನಾನು ಬೇಡುತ್ತಿದ್ದೇನೋ ಲೆಕ್ಕ ಹಾಕುತ್ತಿದ್ದೇನೋ ನನಗೇ ತಿಳಿಯುವುದಿಲ್ಲ. ಇದಕ್ಕೆ ಮೊದಲೆಲ್ಲ ನಾಚಿಕೆಯಾಗುತ್ತಿತ್ತು. ಆಮೇಲೆ ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಗೆತ್ಸೆಮನೆ ತೋಟದಲ್ಲಿ ಪ್ರಾರ್ಥಿಸಿದ್ದು ನೆನೆಸಿಕೊಂಡೆ. ಈ ಕಷ್ಟದ ಪಾತ್ರೆ ನನ್ನಿಂದ ದೂರವಾಗಲಿ ಅಂತ ಯೇಸುವೇ ಬೇಡಿಕೊಂಡನಲ್ಲ. ಹೆದರುವುದು ಬೇರೆ, ನಂಬದಿರುವುದು ಬೇರೆ ಅಂತ ನನಗೆ ಸಮಾಧಾನವಾಗಿದ್ದು ಅಲ್ಲಿಂದ.

ಎಲ್ಐಸಿ ಮಾಡಿಸಿದವನಿಗೆ ವಿಶ್ವಾಸ ಕಡಿಮೆ ಅನ್ನುವವರೂ ಇದ್ದಾರೆ. ಅವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಕಂತು ಕಟ್ಟಿ ಬರುತ್ತೇನೆ.

ಇನ್ನು, ಕ್ಯಾಲೆಂಡರಿನಲ್ಲಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಎಲ್ಲ ಕಡೆ ಕಾಣುವ ವಾಕ್ಯ ಒಂದಿದೆ. ನಿಮ್ಮ ಬಗ್ಗೆ ನನಗಿರುವ ಯೋಚನೆ ಕೇಡಿನದ್ದಲ್ಲ, ಹಿತದ್ದು, ನಿಮಗೆ ಮುಂದೆ ಒಳ್ಳೆಯ ದಿನ ಇದೆ ಅಂತ ದೇವರು ಹೇಳುವ ಮಾತು. ಬೈಬಲ್ಲಿನಲ್ಲಿ ಪ್ರವಾದಿ ಯೆರೆಮೀಯನ ಗ್ರಂಥದ 29ನೇ ಅಧ್ಯಾಯ. ನಾನೇ ಎಷ್ಟು ಸಲ ಲ್ಯಾಮಿನೇಶನ್ ಮಾಡಿಕೊಟ್ಟಿದ್ದೇನೋ. ಆದರೆ ಅದರ ಹಿಂದಿನ ಸಾಲನ್ನು ಯಾರೂ ಲ್ಯಾಮಿನೇಶನ್ ಮಾಡಿಸುವುದಿಲ್ಲ. ಯೆರೂಸಲೇಮಿನಿಂದ ಸೆರೆಯಾಗಿ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಹೋದ ಜನಕ್ಕೆ ಬರೆದ ಪತ್ರ ಅದು. 70 ವರ್ಷ ಆಗಲಿ, ಆಮೇಲೆ ಕರೆದುಕೊಂಡು ಬರುತ್ತೇನೆ ಅಂತಿದೆ ಅಲ್ಲಿ. ಅಂದರೆ ಪತ್ರ ಓದಿದ ದೊಡ್ಡವರಲ್ಲಿ ಎಷ್ಟೋ ಜನ ಅಲ್ಲೇ ಮಣ್ಣಾದರು. ಅಲ್ಲಿಯವರೆಗೆ ಏನು ಮಾಡಬೇಕು? ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ ಅಂತ ಅದೇ ಪತ್ರದಲ್ಲಿದೆ. ಅಷ್ಟೇ.

ಅದೇ ಯೆರೆಮೀಯನ 32ನೇ ಅಧ್ಯಾಯ ನನ್ನ ಕಸುಬಿನವರಿಗೆಂದೇ ಬರೆದಂತಿದೆ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಪಟ್ಟಣ ಬೀಳುತ್ತದೆ ಅಂತ ಬಾಯಿಬಿಟ್ಟು ಹೇಳಿದ್ದಕ್ಕೆ ರಾಜ ಯೆರೆಮೀಯನನ್ನು ಕಾವಲಿನಲ್ಲಿ ಇಟ್ಟಿದ್ದಾನೆ. ಆಗ ಅವನ ಚಿಕ್ಕಪ್ಪನ ಮಗ ಹನಮೇಲ ಬರುತ್ತಾನೆ. ಅನಾತೋತಿನಲ್ಲಿ ನನ್ನ ಹೊಲ ಇದೆ, ತಗೋ, ಸಂಬಂಧಿಕನಾಗಿ ಕೊಳ್ಳುವ ಹಕ್ಕು ನಿನ್ನದೇ ಅನ್ನುತ್ತಾನೆ. ಊರಿಗೆ ಊರೇ ಶತ್ರುವಿನ ಕೈಗೆ ಹೋಗುವ ಹೊತ್ತಿನಲ್ಲಿ! ನನ್ನ ಹತ್ತಿರ ಬಂದಿದ್ದರೆ "ಬೇಡಿ ಸ್ವಾಮಿ, ದುಡ್ಡು ನೀರಿಗೆ ಹಾಕಬೇಡಿ" ಅಂತ ವಾಪಸ್ ಕಳಿಸುತ್ತಿದ್ದೆ. ಯೆರೆಮೀಯ ತೆಗೆದುಕೊಂಡ. ಇದು ದೇವರ ಮಾತು ಅಂತ ಅವನಿಗೆ ಗೊತ್ತಿತ್ತು.

ದೇವರು ಹೇಳಿದ ಅಂತ ಬಾಯಿಮಾತಿನಲ್ಲಿ ವ್ಯವಹಾರ ಮುಗಿಸಲಿಲ್ಲ, ಅದು ನನಗೆ ಬಹಳ ಇಷ್ಟ. 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ. ಈಗಿನ ಲೆಕ್ಕಕ್ಕೆ ಸುಮಾರು 200 ಗ್ರಾಂ. ಪತ್ರ ಬರೆದು, ಮುದ್ರೆ ಹಾಕಿ, ಸಾಕ್ಷಿಗಳ ಸಹಿ ಹಾಕಿಸಿದ. ಪತ್ರ ಎರಡು ಪ್ರತಿ: ಒಂದು ಮುಚ್ಚಿ ಮುದ್ರೆ ಒತ್ತಿದ್ದು, ಇನ್ನೊಂದು ತೆರೆದದ್ದು. ಬಹಳ ಕಾಲ ಕೆಡದೆ ಉಳಿಯಲಿ ಅಂತ ಎರಡನ್ನೂ ಮಣ್ಣಿನ ಪಾತ್ರೆಯಲ್ಲಿ ಇಡಲು ತನ್ನ ಬರಹಗಾರ ಬಾರೂಕನಿಗೆ ಹೇಳಿದ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟದ ಕ್ರಯ ನಡೆಯುತ್ತದೆ ಅನ್ನುವುದಕ್ಕೆ ಆ ಪತ್ರವೇ ಗುರುತು.

ಇಷ್ಟೆಲ್ಲ ಮುಗಿಸಿ ಪ್ರಾರ್ಥನೆಗೆ ನಿಂತವನು ಏನು ಕೇಳಿದ ಗೊತ್ತಾ? ಪಟ್ಟಣ ಶತ್ರುವಿನ ಪಾಲಾಗಿದೆ, ಆದರೂ ಹೊಲ ತಗೋ ಅಂದೆಯಲ್ಲ ಅಂತ. ಮೊದಲು ಸಹಿ, ಆಮೇಲೆ ಅನುಮಾನ. ಕ್ರಿ.ಪೂ. 587ರ ಸುಮಾರಿಗೆ ಪಟ್ಟಣ ಬಿತ್ತು. ಕೊನೆಗೆ ಅವನನ್ನು ಐಗುಪ್ತಕ್ಕೆ (ಈಜಿಪ್ಟಿಗೆ) ಕರೆದುಕೊಂಡು ಹೋದರು. ಆ ಹೊಲದಲ್ಲಿ ಅವನು ಉತ್ತ, ಬಿತ್ತ ಅಂತ ಎಲ್ಲೂ ಬರೆದಿಲ್ಲ.

ನಂಬಿದರೆ ನಮಗೆ ಬೇಕಾದ್ದು ಆಗುತ್ತದೆ ಅಂತ ಆ ಹುಡುಗರಿಗೆ ನಾನು ಹೇಳದಿರುವುದು ಇದಕ್ಕೇ. ಕೆಲಸ ಸಿಗಬಹುದು, ಸಿಗದೆಯೂ ಇರಬಹುದು. ನಾನು ನಂಬುವುದು ಇಷ್ಟು: ನಾಳೆ ಅನ್ನುವುದು ದೇವರ ಕೈಯಲ್ಲಿದೆ, ನನ್ನ ಪಾಲಿಗೆ ಬಂದ ಇವತ್ತಿನ ಕೆಲಸ ವ್ಯರ್ಥ ಅಲ್ಲ. ಇಷ್ಟು ಹೇಳಿದರೆ ಕೆಲವರಿಗೆ ಸಪ್ಪೆ ಅನಿಸುತ್ತದೆ. ಅನಿಸಲಿ.

ನಮ್ಮ ಅಂಗಡಿಗೆ ಒಬ್ಬರು ಅಜ್ಜ ಬರುತ್ತಾರೆ. ಶರಾವತಿ ಮುಳುಗಡೆಯ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವರಿನ್ನೂ ಸಣ್ಣ ಹುಡುಗ. 60 ವರ್ಷ ದಾಟಿದರೂ ಅವರಂಥ ಎಷ್ಟೋ ಮನೆಗಳಿಗೆ ಹಕ್ಕುಪತ್ರ ಸಿಕ್ಕಿಲ್ಲ. ಅಜ್ಜನ ಕಾಗದವೆಲ್ಲ ಒಂದು ಹಳೇ ಬಿಸ್ಕತ್ ಡಬ್ಬಿಯಲ್ಲಿವೆ. ಗೆದ್ದಲು ಬರಬಾರದು ಅಂತ ಒಳಗೆ ಬೇವಿನ ಎಲೆ. ಮಡಿಕೆ ಹರಿದಲ್ಲಿ ಟೇಪು. ಒಂದೊಂದೇ ಬಿಡಿಸಿ, ಅಂಗೈಯಿಂದ ಸವರಿ ಕೊಡುತ್ತಾರೆ. "ಎರಡು ಸೆಟ್ ಮಾಡು ತಮಾ. ಒಂದು ಆಫೀಸಿಗೆ, ಒಂದು ಡಬ್ಬಿಗೆ." ಅವರು ನಮ್ಮ ಧರ್ಮದವರಲ್ಲ. ಯೆರೆಮೀಯನ ಹೆಸರು ಕೇಳಿರಲಿಕ್ಕೂ ಇಲ್ಲ. ಅವರು ಹೋದ ಮೇಲೆ ಬೇವಿನ ವಾಸನೆ ಸ್ವಲ್ಪ ಹೊತ್ತು ಮೆಷಿನ್ ಮೇಲೇ ಇರುತ್ತದೆ.

ಕಳೆದ ಬೇಸಿಗೆಯಲ್ಲಿ ಒಣಗಿದ 40 ಮರ ಕಡಿಸಿದೆವು. ಆ ಜಾಗ ಸದ್ಯಕ್ಕೆ ಹಾಗೇ ಇರಲಿ ಅಂದೆ. ಅಮ್ಮ ಕೇಳಲಿಲ್ಲ. ಸೆಪ್ಟೆಂಬರಿನ ತೆನೆ ಹಬ್ಬದೊಳಗೆ ಸಸಿ ಹಾಕಿ ಮುಗಿಸಬೇಕು ಅಂತ ಪಟ್ಟು. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷವಾದರೂ ಬೇಕು. ಅಮ್ಮನಿಗೆ ಈಗ 76.

"ಇರೋ ಮರಕ್ಕೇ ರೋಗ. ಇದರ ಅಡಿಕೆ ಯಾರಿಗಮ್ಮ?" ಅಂತ ಕೇಳಿದೆ.

ಅಮ್ಮ ಸಸಿಯ ಬುಡಕ್ಕೆ ಮಣ್ಣು ಎಳೆದು ಕಾಲಲ್ಲಿ ಒತ್ತುತ್ತಿದ್ದರು. ತಲೆ ಎತ್ತಲಿಲ್ಲ. "ಈಗ ತಿಂತಿರೋದು ನೀ ಹಾಕಿದ ಮರದ್ದಾ? ಆ ಬುಟ್ಟಿ ಈಚೆ ತಾ."

ಇನ್ನೂ 14 ಗುಂಡಿ ಬಾಕಿ ಇವೆ. ಮಳೆ ಸ್ವಲ್ಪ ಹೊಳವಾದರೆ ಶನಿವಾರ ಹೋಗಬೇಕು.